ಊಟದ ತಟ್ಟೆಯಿಂದ ಒಂದು ತೆಳುಪೊರೆ

ನನ್ನ ಪಿಎಚ್.ಡಿ. ಶುರುವಾದದ್ದು ಒಂದು ಊಟದ ತಟ್ಟೆಯಿಂದ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನು! ತಟ್ಟೆ ನಮ್ಮ ಅಪ್ಪಾಜಿಯ ಅಂಗಡಿಯದು. ಅರಸೀಕೆರೆಯ ಪೇಟೆಯಲ್ಲಿ ಅವರದು ಸ್ಟೀಲ್ ಪಾತ್ರೆ ಅಂಗಡಿ. ನಮ್ಮ ಬಳಗದವರೆಲ್ಲ ಕೊಬ್ಬರಿ ವ್ಯಾಪಾರ ಹಿಡಿದರೆ ಇವರೊಬ್ಬರು ಪಾತ್ರೆಯ ಹಿಂದೆ ಬಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಡಿಗೆ ಹೋಗಿ ಕೂತರೆ ಮಧ್ಯಾಹ್ನದ ಊಟಕ್ಕೂ ಕರೆಯಬೇಕು.

ಗಲ್ಲಾಪೆಟ್ಟಿಗೆಯ ಪಕ್ಕ ದಾರಕ್ಕೆ ಕಟ್ಟಿದ ಒಂದು ಸೂಜಿಗಲ್ಲು ತೂಗುತ್ತಿರುತ್ತದೆ. ಹಳೆಯ ರೇಡಿಯೋ ಸ್ಪೀಕರಿನಿಂದ ಬಿಚ್ಚಿದ ಬಳೆಯಂಥ ಅಯಸ್ಕಾಂತ. ಒಳ್ಳೆಯ ಸ್ಟೀಲಿಗೆ ಸೂಜಿಗಲ್ಲು ಅಂಟುವುದಿಲ್ಲ, ಕಳಪೆ ಮಾಲಿಗೆ ಅಂಟುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರಿಗೆಲ್ಲ ಬಾಯಿಪಾಠ. ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬರುವವರು ಸೆರಗಿನ ಗಂಟಿನಲ್ಲಿ ತಮ್ಮದೇ ಸೂಜಿಗಲ್ಲು ತರುವುದೂ ಉಂಟು. ಅಪ್ಪಾಜಿ ಅದಕ್ಕೆಲ್ಲ ಕಾಯುವವರೇ ಅಲ್ಲ. ಗಿರಾಕಿ ಲೋಟ ಎತ್ತಿಕೊಂಡರೆ ಸಾಕು, ಆ ದಾರ ಮುಂದೆ ಹಿಡಿದು, “ಹಿಡ್ದು ನೋಡಿ. ಅಂಟಿದ್ರೆ ವಾಪಸ್ಸು” ಎನ್ನುತ್ತಾರೆ. ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಒಂದು ಪಾತ್ರೆಯೂ ವಾಪಸ್ಸು ಬಂದಿರಲಿಲ್ಲ.

ನಾನು ಬೇಲೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅದು ಸಾಲದು ಎಂದು, ಕೂದಲು ನರೆಯುವ ವಯಸ್ಸಿನಲ್ಲಿ ಮೈಸೂರಿನ ಒಂದು ಲ್ಯಾಬಿನಲ್ಲಿ ಪಿಎಚ್.ಡಿ.ಗೆ ಸೇರಿಕೊಂಡೆ. ಕಬ್ಬಿಣದ ಮಿಶ್ರಲೋಹವನ್ನು ಗಾಜಿನ ಮೇಲೆ ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ಪೊರೆಯಂತೆ ಕೂರಿಸುವುದು, ಆಮೇಲೆ ಅದರೊಳಗಿನ ಪರಮಾಣುಗಳು ಯಾವ ಜೋಡಣೆಯಲ್ಲಿ ಕೂತಿವೆ, ಅಯಸ್ಕಾಂತಕ್ಕೆ ಹೇಗೆ ಓಗೊಡುತ್ತವೆ ಎಂದು ನೋಡುವುದು, ಇಷ್ಟೇ ನನ್ನ ವಿಷಯ. ಕೇಳಲಿಕ್ಕೆ ಇಷ್ಟೇ. ಒಳಗೆ ಇಳಿದರೆ ಊಟ, ನಿದ್ದೆ ಯಾವುದೂ ನೆನಪಿಗೆ ಬರುವುದಿಲ್ಲ.

ಪೊರೆ ಮಾಡಲು ಮೊದಲು ಆ ಲೋಹದ ಒಂದು ಬಿಲ್ಲೆ ಬೇಕು. ಅದಕ್ಕೆ ಟಾರ್ಗೆಟ್ ಎನ್ನುತ್ತಾರೆ. ಹೊರಗಿನಿಂದ ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವ ಬುದ್ಧಿಯನ್ನು ದೇವರು ನನಗೆ ಕೊಟ್ಟಿಲ್ಲ. ಅಂಗಡಿಗೆ ಹೋಗಿ ದಪ್ಪನೆಯ ಒಂದು ಊಟದ ತಟ್ಟೆ ಎತ್ತಿಕೊಂಡೆ, ಅಪ್ಪಾಜಿಯ ಕೈಯಲ್ಲೇ ಸೂಜಿಗಲ್ಲು ಹಿಡಿಸಿ ಅಂಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ, ವರ್ಕ್‌ಶಾಪಿನಲ್ಲಿ ಅದರ ಸಪಾಟಾದ ತಳವನ್ನು ಬಿಲ್ಲೆಯಾಗಿ ಕತ್ತರಿಸಿಕೊಂಡು ಮೈಸೂರಿನ ರೈಲು ಹತ್ತಿದೆ. ಲ್ಯಾಬಿನಲ್ಲಿ ನನ್ನ ಗೈಡ್ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಏನಮ್ಮಾ, ಊಟ ಮುಗಿಸಿ ತಟ್ಟೆ ತೊಳೆದುಕೊಂಡೇ ಬಂದ್ಯಾ?”

“ನಮ್ಮಪ್ಪನ ಅಂಗಡೀದು ಸಾರ್. ಚೊಕ್ಕ ಮಾಲು.”

“ಚೊಕ್ಕವೋ ಅಲ್ಲವೋ ಮೆಷಿನ್ ಹೇಳಲಿ ಬಿಡು” ಎಂದರು. ಮೆಷಿನ್ನೂ ಅದನ್ನೇ ಹೇಳಿತು. ಕಬ್ಬಿಣ, ಅದರೊಳಗೆ ಕ್ರೋಮಿಯಂ, ನಿಕಲ್, ಎಲ್ಲ ಒಳ್ಳೆಯ ಸ್ಟೀಲಿನಲ್ಲಿ ಎಷ್ಟಿರಬೇಕೋ ಅಷ್ಟೇ ಇದ್ದವು. ಅಪ್ಪಾಜಿಯ ಅಂಗಡಿಗೆ ಸರ್ಟಿಫಿಕೇಟ್ ಸಿಕ್ಕಿತೆಂದು ನಾನು ಆ ರಿಪೋರ್ಟಿನ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಇನ್ನು ಕೆಲಸದ ದಿನ. ಗಾಳಿಯೆಲ್ಲ ಹೀರಿ ತೆಗೆದ ಉಕ್ಕಿನ ಡಬ್ಬದೊಳಗೆ ಮೇಲೆ ತಟ್ಟೆಯ ಬಿಲ್ಲೆ, ಕೆಳಗೆ ತಣ್ಣಗಿನ ಗಾಜು. ನಡುವೆ ಚೂರು ಆರ್ಗಾನ್ ಅನಿಲ ಬಿಟ್ಟು ಕರೆಂಟು ಕೊಟ್ಟರೆ ನೇರಳೆ ಬಣ್ಣದ ಬೆಳಕು ಹತ್ತಿಕೊಳ್ಳುತ್ತದೆ. ಅಬ್ಬಾ, ಆ ಬಣ್ಣ! ಆರ್ಗಾನಿನ ಏಟಿಗೆ ಬಿಲ್ಲೆಯಿಂದ ಪರಮಾಣುಗಳು ಒಂದೊಂದಾಗಿ ಎದ್ದು ಗಾಜಿನ ಮೇಲೆ ಬೀಳುತ್ತವೆ. ಕಿಟಕಿಗೆ ಮೂಗು ಒತ್ತಿ ನೋಡುತ್ತಾ ನಿಂತೆ. ಆಸೆ ಹೆಚ್ಚಾಗಿ ಬೇಕಾದ್ದಕ್ಕಿಂತ ದಪ್ಪಗೆ ಹಾಕಿಬಿಟ್ಟಿದ್ದೆ. ಡಬ್ಬ ತೆಗೆದಾಗ ಪೊರೆ ಗಾಜಿನಿಂದ ಅಲ್ಲಲ್ಲಿ ಸುಲಿದುಕೊಂಡು ಚೂರುಚೂರಾಗಿ ಎದ್ದಿತ್ತು. ಬೆಳ್ಳಿಯ ಹಾಳೆಯಂಥ ಚೂರುಗಳು, ಉಸಿರು ಬಿಟ್ಟರೆ ಹಾರುವಷ್ಟು ಹಗುರ.

ಅಯ್ಯೋ ಹಾಳಾಯಿತಲ್ಲ ಎಂದು ಬೈದುಕೊಳ್ಳುತ್ತಾ ಲ್ಯಾಬಿನ ಪುಟ್ಟ ಅಯಸ್ಕಾಂತವನ್ನು ಹತ್ತಿರ ತಂದೆ. ಗುಂಡಿಯಷ್ಟೇ ಗಾತ್ರ, ಶಕ್ತಿ ಮಾತ್ರ ರಾಕ್ಷಸನದು. ಒಂದು ಚೂರು ನೆಗೆದು ಬಂದು ಅಂಟಿತು. ಇನ್ನೊಂದು ಅಂಟಿತು. ಆಮೇಲೆ ಎಲ್ಲ ಒಟ್ಟಿಗೆ, ತೆನೆ ಮುತ್ತುವ ಗುಬ್ಬಿಗಳ ಹಾಗೆ! ನಾನು ಕಿರುಚಿದ ರಭಸಕ್ಕೆ ಮೇಷ್ಟ್ರು ಯಾರಿಗೋ ಶಾಕ್ ಹೊಡೆಯಿತೆಂದು ಓಡಿ ಬಂದರು.

“ಅಂಟ್ತು ಸಾರ್! ಅಂಟದೇ ಇರೋ ತಟ್ಟೆ ಅಂಟ್ತು!”

ಹೀಗಾಗುತ್ತದೆ ಎಂದು ಓದಿರಲಿಲ್ಲವೆಂದಲ್ಲ. ಬೇರೆ ಲ್ಯಾಬುಗಳಲ್ಲಿ ಬಹಳ ಹಿಂದೆಯೇ ಕಂಡಿದ್ದಾರೆ. ಆದರೆ ಓದುವುದೇ ಬೇರೆ, ನಾನು ಉಂಡು ಬೆಳೆದಂಥ ತಟ್ಟೆ ನನ್ನ ಕಣ್ಣೆದುರೇ ಹೀಗೆ ನೆಗೆಯುವುದೇ ಬೇರೆ. ಎಕ್ಸ್-ರೇಯಲ್ಲಿ ಇಟ್ಟು ನೋಡಿದರೆ ಪರಮಾಣುಗಳ ಜೋಡಣೆಯೇ ಬದಲಾಗಿತ್ತು. ತಟ್ಟೆಯಲ್ಲಿ ಒತ್ತೊತ್ತಾಗಿ ಒಂದು ಕ್ರಮದಲ್ಲಿ ಕೂತಿದ್ದಂಥವು, ಪೊರೆಯಲ್ಲಿ ಮಾಮೂಲಿ ಕಬ್ಬಿಣದ ಕ್ರಮದಲ್ಲಿ ಕೂತಿದ್ದವು.

ಅರಸೀಕೆರೆಯವರಿಗೆ ಇದನ್ನು ಹೇಳುವುದು ಸುಲಭ. ಮದುವೆ ಸೀಸನ್ನಿನಲ್ಲಿ ಬೇಲೂರು ಬಸ್ಸು ಸ್ಟ್ಯಾಂಡಿಗೆ ಬಂದಾಗ ಏನಾಗುತ್ತದೆ? ಬಾಗಿಲಲ್ಲಿ ನೂಕಾಟ, ಕಿಟಕಿಯಲ್ಲಿ ಟವೆಲು, ಯಾರು ಎಲ್ಲಿ ಬಿದ್ದರೋ ಅದೇ ಅವರ ಸೀಟು. ಗಂಡ ಮುಂದೆ, ಹೆಂಡತಿ ಹಿಂದೆ. ತಣ್ಣನೆಯ ಗಾಜಿನ ಮೇಲೆ ದಬದಬ ಬೀಳುವ ಪರಮಾಣುಗಳಿಗೂ ಆರಿಸಿ ಕೂರಲು ಪುರಸೊತ್ತಿಲ್ಲ. ಸಿಕ್ಕ ಹಾಗೆ ಕೂರುತ್ತವೆ. ಇಂಥದ್ದಕ್ಕೆ ಅರೆಸ್ಥಿರ ಎನ್ನುತ್ತೇವೆ. ಯಾರೂ ಎಬ್ಬಿಸದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಚೆನ್ನಾಗಿ ಬಿಸಿ ಮಾಡಿದರೆ ಎಲ್ಲವೂ ಎದ್ದು ಅದಲುಬದಲಾಗಿ ತಟ್ಟೆಯಲ್ಲಿದ್ದ ಕ್ರಮಕ್ಕೇ ಮರಳುತ್ತವೆ ಎಂದು ಪುಸ್ತಕ ಹೇಳುತ್ತದೆ. ಆ ಬಿಸಿ ಮಾಡುವ ಕೆಲಸ ನನಗಿನ್ನೂ ಬಾಕಿ ಇತ್ತು.

ಭಾನುವಾರ ಮನೆಗೆ ಬಂದವಳ ಕಾಲು ನೆಲದ ಮೇಲಿರಲಿಲ್ಲ. ಅಪ್ಪಾಜಿ ಊಟಕ್ಕೆ ಕೂತಿದ್ದರು, ಅಮ್ಮ ಮುದ್ದೆ ಬಡಿಸುತ್ತಿದ್ದಳು. ನಾನು ಕಾಗದದ ಪೊಟ್ಟಣ ಬಿಚ್ಚಿ ಚೂರುಗಳನ್ನು ತೋರಿಸಿ, “ಅಪ್ಪಾಜಿ, ಇದು ನಿಮ್ಮ ತಟ್ಟೇನೇ. ಈಗ ನೋಡಿ!” ಎಂದು ಗುಂಡಿ ಅಯಸ್ಕಾಂತ ಹಿಡಿದೆ. ಚೂರುಗಳೆಲ್ಲ ಟಪ್ಪನೆ ನೆಗೆದವು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಅಯ್ಯಯ್ಯೋ! ಇಷ್ಟ್ ವರ್ಷ ಜನಕ್ಕೆ ಕಬ್ಬಿಣ ಮಾರಿದ್ರಾ? ಪೊಲೀಸ್ನೋರು ಬರ್ಲಿಲ್ಲ, ಮಗಳೇ ಹಿಡ್ದಾಕಿದ್ಲಲ್ಲ!”

ತಮಾಷೆಗೆ ಅಂದ ಮಾತು. ನಾನೂ ನಕ್ಕೆ. ಅಪ್ಪಾಜಿ ನಗಲಿಲ್ಲ. ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು. “ಅದೇ ತಟ್ಟೇನಾ?” ಎಂದರು. ಅದೇ ತಟ್ಟೆ ಎಂದೆ. ನಾನು ಬಸ್ಸು, ಟವೆಲು, ಸೀಟು ಎಂದು ಒಂದೇ ಉಸಿರಿಗೆ ವಿವರಿಸುತ್ತಲೇ ಇದ್ದೆ. ಅವರು ಕೈ ತೊಳೆದುಕೊಂಡು, ನನ್ನ ಕೈಯಿಂದ ಅಯಸ್ಕಾಂತ ತೆಗೆದುಕೊಂಡು, ಭಾನುವಾರ ಮುಚ್ಚಿದ್ದ ಅಂಗಡಿಯ ಬೀಗ ತೆಗೆಯಲು ಹೊರಟರು. ಚಪ್ಪಲಿ ಮೆಟ್ಟಿಕೊಂಡು ನಾನೂ ಹಿಂದೆ ಓಡಿದೆ.

ಆಮೇಲೆ ಆದದ್ದು ನೋಡಿ. ಆ ರಾಕ್ಷಸ ಅಯಸ್ಕಾಂತ ಲೋಟದ ಮೈಗೆ ಅಂಟಲಿಲ್ಲ. ಬಾಯಿಯ ಅಂಚಿಗೆ ತಂದರೆ ಮೆಲ್ಲಗೆ ಕಚ್ಚಿಕೊಂಡಿತು. ಚೊಂಬಿನ ಕಂಠದಲ್ಲಿ ಕಚ್ಚಿತು. ಡಬರಿಯ ಮೂಲೆಯಲ್ಲಿ ಕಚ್ಚಿತು. ಅಪ್ಪಾಜಿಯ ಹಳೆಯ ರೇಡಿಯೋ ಅಯಸ್ಕಾಂತಕ್ಕೆ ಅಷ್ಟು ಸೆಳೆತವಿಲ್ಲ, ಅದಕ್ಕೇ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಅವರು ಒಂದಾದ ಮೇಲೊಂದು ಪಾತ್ರೆ ಇಳಿಸುತ್ತಾ ಹೋದರು. ಹೆಸರು ಹೊಡೆದ ಒಂದು ತಪ್ಪಲೆ ಅಲ್ಲಿತ್ತು, ಆ ಅಕ್ಷರಗಳ ಮೇಲೂ ಅಂಟಿತು. ಅವರ ಮುಖ ನೋಡಲಾಗಲಿಲ್ಲ.

“ಹಳೇಬೀಡಿಂದು ಏನವ್ವ ಮಾಡ್ಲಿ?” ಎಂದರು.

ಹಳೇಬೀಡಿನ ಒಬ್ಬ ಅಜ್ಜಿ ನಮ್ಮ ಅಂಗಡಿಯ ಹಳೆಯ ಗಿರಾಕಿ. ತನ್ನ ಮಗಳ ಮದುವೆಯ ಕೊಡದಿಂದ ಹಿಡಿದು ಮೊಮ್ಮಗಳ ಮದುವೆಯ ಸಾಮಾನಿನವರೆಗೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಆ ಮೊಮ್ಮಗಳ ಮದುವೆ ಮುಂದಿನ ಭಾನುವಾರ. ಪಾತ್ರೆಗಳೆಲ್ಲ ಆಗಲೇ ಹೋಗಿದ್ದವು. ಒಂದೊಂದರ ಮೇಲೂ ಅಪ್ಪಾಜಿಯೇ ಕೂತು ಹೆಸರು ಕೊರೆಯುವ ಮೆಷಿನ್ನಿನಲ್ಲಿ ಹುಡುಗಿಯ ಹೆಸರು ಹೊಡೆದಿದ್ದರು. ಗಂಡಿನ ಕಡೆಯವರ ಮುಂದೆ ಸಾಲಾಗಿ ಜೋಡಿಸಿಡುವ ಪಾತ್ರೆಗಳು ಅವು. ಅವರಲ್ಲಿ ಯಾರಾದರೂ ಸೂಜಿಗಲ್ಲು ಹಿಡಿದರೆ? ನನಗೆ ತಲೆ ಚಿಟ್ಟು ಹಿಡಿಯಿತು.

“ಅಪ್ಪಾಜಿ, ಮಾಲು ಚೊಕ್ಕ ಇದೆ. ಇಲ್ಲಿ ನೋಡಿ, ಲ್ಯಾಬಿನ ರಿಪೋರ್ಟು” ಎಂದು ಹಾಳೆ ಹಿಡಿದೆ.

“ಕಾಗದ ನೀನಿಟ್ಕೊ. ಕಾಗ್ದಕ್ಕೇನು, ಹೇಳ್ಸಿದಂಗೆ ಹೇಳ್ತದೆ. ಕೈಯಲ್ಲಿ ಹಿಡ್ದಿದ್ದು ಅಂಟ್ಕತಾ ಐತಲ್ಲ, ಅದಕ್ಕೇನಂತೀಯ?”

“ಅಂಟಿದ್ರೆ ಕಳಪೆ ಅಂತ ಯಾರ್ ಹೇಳಿದ್ದು?”

“ನಾನೇ ಹೇಳಿರೋದು! ಅಂಗಡಿ ಇಟ್ಟಾಗ್ಲಿಂದ ಅದನ್ನೇ ಹೇಳ್ಕೊಂಡ್ ಬಂದಿರೋದು!”

ನಾನೂ ಜೋರು, ಅವರೂ ಜೋರು. ಪಕ್ಕದ ಅಂಗಡಿಯವರು ಇಣುಕಿದರು. ಅಪ್ಪಾಜಿ ನನ್ನೆದುರಿಗೇ ಹಳೇಬೀಡಿಗೆ ಫೋನ್ ಮಾಡಿದರು. “ಅಮ್ಮಾರೇ, ಆ ಪಾತ್ರೆ ಯಾರಿಗೂ ತೋರಿಸ್ಬೇಡಿ. ಮಾಲಲ್ಲಿ ಮೋಸ ಐತೆ. ನನಗೂ ಗೊತ್ತಿರ್ಲಿಲ್ಲ. ಮದುವೆ ಕಳೀಲಿ, ಎಲ್ಲಾ ಬದಲಾಯಿಸಿ ಕೊಡ್ತೀನಿ.” ಅಜ್ಜಿಯ ಗಂಟಲು ಫೋನಿನಿಂದ ಹೊರಗೂ ಕೇಳುವಂಥದ್ದು. “ಹೆಸ್ರು ಹಾಕ್ಸಿದ್ ಪಾತ್ರೆನಾ? ಮಗೀಗೆ ಗೊತ್ತಾದ್ರೆ ಅತ್ಕೊಂಡ್ ಕೂತ್ಕತಾಳೆ ಸಾವ್ಕಾರ್ರೇ. ಆಗ್ಲಿ, ಮದುವೆಗಾದ್ರೂ ಬನ್ನಿ” ಎಂದಳು. ಅಪ್ಪಾಜಿ, “ಯಾವ ಮುಖ ಹೊತ್ಕೊಂಡ್ ಬರ್ಲಿ” ಎಂದು ಫೋನ್ ಇಟ್ಟರು.

ಮಾರನೆಯ ದಿನ ಅಂಗಡಿ ತೆಗೆದರು, ಆದರೆ ಸೂಜಿಗಲ್ಲಿನ ದಾರವನ್ನು ಗಲ್ಲಾಪೆಟ್ಟಿಗೆಯೊಳಗೆ ಹಾಕಿದ್ದರು. ಗಿರಾಕಿ ಬಂದರೆ ಮಾತಿಲ್ಲ. ಮನೆಯಲ್ಲಿ ಅಮ್ಮ ಬಡಿಸಿದ್ದನ್ನು ಉಂಡು ಮಲಗುವುದು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು, “ನಗ್ಸಕ್ಕೆ ಅಂದೆ ಕಣೇ. ಹಿಂಗಾಯ್ತದೆ ಅಂತ ಗೊತ್ತಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ. ನೀನು ಓದಿದೋಳು, ಏನಾದ್ರೂ ಮಾಡೇ” ಎಂದು ಕಣ್ಣೊರೆಸಿಕೊಂಡಳು. ನನಗೆ ದುಃಖಕ್ಕಿಂತ ಸಿಟ್ಟು ಬಂತು. ಗೊತ್ತಿರುವ ಸಂಗತಿಯನ್ನು ಹೆತ್ತ ಅಪ್ಪನಿಗೆ ಹೇಳಲಾಗದವಳು ನಾನ್ಯಾವ ಸೀಮೆ ಮೇಡಂ!

ಹೊಳೆದದ್ದು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಜಾವಗಲ್ ದಾಟಿದ ಮೇಲೆ. ಅಂಚು, ಕಂಠ, ಮೂಲೆ, ಹೆಸರು ಹೊಡೆದ ಜಾಗ. ಎಲ್ಲವೂ ಲೋಹವನ್ನು ಬಗ್ಗಿಸಿ, ಎಳೆದು, ಕುಟ್ಟಿದ ಜಾಗಗಳು! ಸಪಾಟಾಗಿ ಉಳಿದ ಕಡೆ ಅಂಟುತ್ತಿಲ್ಲ. ಅಯ್ಯೋ ಮಂಕೇ ಎಂದು ಹಣೆ ಬಡಿದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಜಾಗ ಬೇಕೇನೋ ಎಂದು ಸರಿದು ಕೂತಳು. ಬೇಲೂರಿನಲ್ಲಿ ಇಳಿದವಳೇ ಮೇಷ್ಟ್ರಿಗೆ ಫೋನ್ ಮಾಡಿದೆ.

“ಹೌದಲ್ಲ” ಎಂದು ಅವರು ನಕ್ಕರು. “ನಿಮ್ಮ ತಟ್ಟೆಯ ಉಕ್ಕೂ ಭದ್ರವಾಗಿ ಕೂತಿಲ್ಲ ಕಣಮ್ಮ, ಅದೂ ಅರೆಸ್ಥಿರವೇ. ಜೋರಾಗಿ ಬಗ್ಗಿಸಿದರೆ ಅಲ್ಲಿನ ಪರಮಾಣುಗಳು ಜರುಗಿ ಪೊರೆಯಲ್ಲಿ ಕೂತ ಹಾಗೇ ಕೂರುತ್ತವೆ. ನಿನ್ನ ಪೊರೆಯ ಕಥೆಯೂ ಲೋಟದ ಅಂಚಿನ ಕಥೆಯೂ ಒಂದೇ ಇರಬೇಕು.”

“ಇರಬೇಕು ಅಂದ್ರೆ ನಮ್ಮಪ್ಪ ಕೇಳಲ್ಲ ಸಾರ್.”

“ಹಾಗಾದರೆ ಎರಡನ್ನೂ ಬಿಸಿ ಮಾಡು. ಅವರ ಕಣ್ಣೆದುರಿಗೆ ಮಾಡು.”

ರಜೆ ಹಾಕಿ ಮೈಸೂರಿಗೆ ಹೋದೆ. ಮೇಷ್ಟ್ರೇ ಪೊರೆಯ ಚೂರುಗಳನ್ನು ಗಾಜಿನಂಥ ಬೆರಳುದ್ದದ ಕ್ವಾರ್ಟ್ಸ್ ಕೊಳವೆಯೊಳಗೆ ಹಾಕಿ, ಗಾಳಿ ತೆಗೆದು, ಎರಡೂ ತುದಿ ಕರಗಿಸಿ ಮುಚ್ಚಿಸಿಕೊಟ್ಟರು. ಒಳಗಿದ್ದದ್ದನ್ನು ಯಾರೂ ಬದಲಾಯಿಸಲಾಗದು, ಗಾಳಿ ಸೋಕಿ ಸುಟ್ಟುಹೋಗುವ ಭಯವೂ ಇಲ್ಲ. ನಮ್ಮ ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಕೆಂಡದಂತೆ ಕಾಯುವ ಒಂದು ವಿದ್ಯುತ್ ಕುಲುಮೆ ಇದೆ. ಪ್ರಿನ್ಸಿಪಾಲರ ಅನುಮತಿ ಕೇಳಿದೆ. ಸಿಕ್ಕದ್ದು ಭಾನುವಾರಕ್ಕೆ, ಅಂದರೆ ಸರಿಯಾಗಿ ಮದುವೆಯ ದಿನಕ್ಕೆ.

ಆ ದಿನ ಬೆಳಿಗ್ಗೆ ಅಪ್ಪಾಜಿಯನ್ನು ಹೊರಡಿಸಿದ್ದು ಅಮ್ಮ. “ಮಗಳು ಕರೀತಾವ್ಳೆ, ಹೋಗಿ ಬನ್ರೀ. ಇಲ್ಲಿ ಕೂತು ಗೋಡೆ ನೋಡೋದಕ್ಕಿಂತ ವಾಸಿ” ಎಂದು ಇಸ್ತ್ರಿ ಮಾಡಿದ ಅಂಗಿ ಕೈಗೆ ಕೊಟ್ಟಳು. ಅವರು ಅಂಗಿ ತೊಟ್ಟು ಹೊರಟರು. ಬರುವಾಗ ಅಂಗಡಿಗೆ ನುಗ್ಗಿ ಒಂದು ಲೋಟ ತಂದರು, ಹಳೇಬೀಡಿಗೆ ಹೋದ ಸಾಮಾನಿನದೇ ಜೊತೆಯದು. ಆ ಪಾತ್ರೆಗಳ ಹಾಗೇ ಇರಲಿ ಎಂದು ಅದರ ಮೇಲೆ ಎರಡಕ್ಷರದ ಒಂದು ಹೆಸರನ್ನೂ ಹೊಡೆದಿದ್ದರು. ಬಸ್ಸು ಹಳೇಬೀಡಿನಲ್ಲಿ ನಿಂತಾಗ ಕಲ್ಯಾಣಮಂಟಪದ ಬಾಗಿಲಲ್ಲಿ ಬಾಳೆಕಂದು, ಒಳಗಿನಿಂದ ವಾಲಗ. ಅಪ್ಪಾಜಿ ಇನ್ನೊಂದು ಕಡೆಗೆ ತಿರುಗಿ ಕೂತರು, ಬಸ್ಸು ಹೊರಡುವ ತನಕ ಈಚೆ ನೋಡಲಿಲ್ಲ.

ಕಾಲೇಜಿನಲ್ಲಿ ಮೊದಲು ಕೊಳವೆ ತೋರಿಸಿದೆ. ಹೊರಗಿನಿಂದ ಅಯಸ್ಕಾಂತ ಆಡಿಸಿದರೆ ಒಳಗಿನ ಚೂರುಗಳು ಹಿಂದೆ ಮುಂದೆ ಓಡಿದವು. ಲೋಟದ ಅಂಚಿಗೂ ಹೆಸರಿಗೂ ಅವರೇ ಹಿಡಿದು ನೋಡಿದರು, ಅಂಟಿತು. “ಎರಡನ್ನೂ ಕುಲುಮೆಗೆ ಹಾಕ್ತೀನಿ. ಆಮೇಲೆ ಅಂಟಬಾರದು” ಎಂದೆ. ಅಪ್ಪಾಜಿ ಕುಲುಮೆಯೊಳಗೆ ಇಣುಕಿ ನೋಡಿದರು.

“ಬಿಸಿಗೆ ಎಲ್ಲಾ ಕಬ್ಬಿಣದ್ದೂ ಹಂಗೇ ಹೋಗ್ಬಿಟ್ರೆ? ಆಗ ಇದೇನು ರುಜುವಾತಾಯ್ತು? ಒಂದು ಮೊಳೆನೂ ಹಾಕು.”

ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಅಷ್ಟು ದಿನದ ಮೇಲೆ ಮೊದಲ ಸಲ ಅವರು ನನ್ನ ಜೊತೆ ಜಗಳವಾಡದೆ ವಾದ ಮಾಡಿದ್ದರು. ಗೋಡೆಯಲ್ಲಿದ್ದ ಒಂದು ಮೊಳೆ ಕಿತ್ತೆವು. ಮೊಳೆ, ಲೋಟ, ಕೊಳವೆ, ಮೂರೂ ಕುಲುಮೆಯ ಒಳಗೆ ಹೋದವು.

ಕಾಯುವುದು ನನಗೆ ಆಗದ ಕೆಲಸ ಎಂದು ಆಗಲೇ ಹೇಳಿದೆನಲ್ಲ. ಕುಲುಮೆ ಕೆಂಪಗಾಗುವ ತನಕ ನಾನು ಕೋಣೆಯ ಉದ್ದಗಲ ಅಳೆದೆ. ಪೊರೆಯ ಬಗ್ಗೆ ನನಗೆ ಧೈರ್ಯವಿತ್ತು. ಲೋಟದ ಬಗ್ಗೆ ಇರಲಿಲ್ಲ. ಅದರ ಉಕ್ಕನ್ನು ನಾನು ಯಾವ ಮೆಷಿನ್ನಿಗೂ ಕೊಟ್ಟಿರಲಿಲ್ಲ. ತಟ್ಟೆ ಒಂದು ಕಂಪನಿಯದು, ಲೋಟ ಇನ್ನೊಂದು ಕಂಪನಿಯದಾಗಿದ್ದರೆ? ನಿಜವಾಗಿಯೂ ಕಳಪೆ ಮಾಲೇ ಬಂದಿದ್ದರೆ? ಅಪ್ಪಾಜಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು. ಆಸ್ಪತ್ರೆಯ ಹೊರಗೆ ಕೂತವರ ಹಾಗೆ ಕಾಣುತ್ತಿದ್ದರು.

ಕೊನೆಗೆ ಇಕ್ಕಳದಲ್ಲಿ ಹಿಡಿದು ಮೂರನ್ನೂ ಇಟ್ಟಿಗೆಯ ಮೇಲಿಟ್ಟೆ. ಲೋಟ ಕೆಂಪಗೆ ಹೊಳೆಯುತ್ತಿತ್ತು. ಅಪ್ಪಾಜಿ ಅಯಸ್ಕಾಂತ ಹಿಡಿದು ಎದ್ದರು. ನಾನು ಅಡ್ಡ ನಿಂತೆ.

“ಈಗಲೇ ಬೇಡ. ಬಿಸಿ ಇರೋವಾಗ ಮೊಳೆಗೂ ಅಂಟಲ್ಲ, ಯಾವುದಕ್ಕೂ ಅಂಟಲ್ಲ. ತಣ್ಣಗಾಗಲಿ. ಇಲ್ಲದಿದ್ರೆ ಅದು ಮೋಸ ಆಗುತ್ತೆ.”

ಮೋಸ ಎಂಬ ಮಾತಿಗೆ ಅವರು ತಿರುಗಿ ಸ್ಟೂಲಿನ ಮೇಲೆ ಕೂತರು. ಲೋಟದ ಕೆಂಪು ಆರಿತು, ಮೈಯೆಲ್ಲ ಮಸಿ ಹಿಡಿದಂತೆ ಕಪ್ಪಾಗಿತ್ತು. ಕೈಯಲ್ಲಿ ಮುಟ್ಟುವಂತಾದ ಮೇಲೆ ಮೊದಲು ಮೊಳೆಗೆ ಹಿಡಿದರು. ಟಕ್ ಎಂದು ಅಂಟಿತು. ಕಬ್ಬಿಣ ಕಬ್ಬಿಣವೇ. ಆಮೇಲೆ ಕೊಳವೆ. ಅಯಸ್ಕಾಂತವನ್ನು ಒತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆದರು. ಚೂರುಗಳು ಬಿದ್ದಲ್ಲೇ ಬಿದ್ದಿದ್ದವು. ಒಂದೂ ಮಿಸುಕಲಿಲ್ಲ! ನಾನು ಅಷ್ಟು ಹೊತ್ತಿಗಾಗಲೇ ಕುಣಿಯುತ್ತಿದ್ದೆ. ನನ್ನ ಪೊರೆ, ನನ್ನ ಕೈಯಾರೆ ಮಾಡಿದ ಪೊರೆ, ಮತ್ತೆ ತಟ್ಟೆಯಾಗಿತ್ತು!

“ಸುಮ್ನಿರವ್ವ, ಲೋಟ ಬಾಕಿ ಐತೆ” ಎಂದರು ಅಪ್ಪಾಜಿ.

ಹೆಸರಿನ ಮೇಲೆ ಅಯಸ್ಕಾಂತ ಇಟ್ಟು ಕೈ ಬಿಟ್ಟರು. ಅದು ಜಾರಿ ಮೇಜಿನ ಮೇಲೆ ಬಿತ್ತು. ಎತ್ತಿ ಅಂಚಿಗೆ ಇಟ್ಟರು. ಬಿತ್ತು. ಲೋಟವನ್ನು ತಿರುಗಿಸುತ್ತಾ ಸುತ್ತಲೂ ಇಟ್ಟು ನೋಡಿದರು. ಪ್ರತಿ ಸಲ ಬಿತ್ತು. ಆ ಸಪ್ಪಳ ಕೇಳುತ್ತಾ ನಾನು ನಕ್ಕೆನೋ ಅತ್ತೆನೋ, ಎರಡೂ ಆಗಿರಬೇಕು.

“ಮಾಲು ಚೊಕ್ಕ ಐತೆ” ಎಂದರು, ಯಾರಿಗೋ ಹೇಳುವ ಹಾಗೆ. ಆಮೇಲೆ ಗಡಿಯಾರ ನೋಡಿ, “ಹಳೇಬೀಡಿಗೆ ಬಸ್ ಎಷ್ಟೊತ್ತಿಗೈತೆ? ಊಟ ಮುಗಿಯೋದ್ರೊಳಗೆ ಹೋಗ್ಬೇಕು” ಎಂದು ಹೊರಟೇಬಿಟ್ಟರು. ಕುಲುಮೆ ಆರಿಸಿ ಬೀಗ ಹಾಕಿ ನಾನು ಓಡಬೇಕಾಯಿತು. ದಾರಿಯುದ್ದಕ್ಕೂ ಅವರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಬಗ್ಗಿಸಿದ್ರೆ ಯಾಕೆ ಜರುಗ್ತವೆ, ಎಷ್ಟು ಬಗ್ಗಿಸ್ಬೇಕು, ಚಮಚಕ್ಕೂ ಹಂಗೇನಾ. ಬಸ್ಸಿನ ಸದ್ದಿನ ಮೇಲೆ ಕೂಗಿ ಕೂಗಿ ಉತ್ತರ ಹೇಳಿ ನನ್ನ ಗಂಟಲು ಕಟ್ಟಿತು.

ಮಂಟಪದಲ್ಲಿ ಧಾರೆ ಮುಗಿದು ಊಟದ ಪಂಕ್ತಿ ನಡೆಯುತ್ತಿತ್ತು. ಅಜ್ಜಿ ನಮ್ಮನ್ನು ಕಂಡು ಓಡಿ ಬಂದಳು. ಅಪ್ಪಾಜಿ ನಮಸ್ಕಾರಕ್ಕಿಂತ ಮೊದಲು, “ಪಾತ್ರೆ ಎಲ್ಲಿಟ್ಟಿದ್ದೀರಿ?” ಎಂದರು. ಒಳಗಿನ ಕೋಣೆಯಲ್ಲಿ ಜಮಖಾನ ಮುಚ್ಚಿ ಇಟ್ಟಿದ್ದಳು. ಹುಡುಗಿಯ ಕಡೆಯವರು ಪಾತ್ರೆ ಯಾಕೆ ಇಟ್ಟಿಲ್ಲ ಎಂದು ಬೆಳಿಗ್ಗೆಯಿಂದ ಗಂಡಿನ ಕಡೆ ಗುಸುಗುಸು ನಡೆದಿತ್ತಂತೆ. “ನಂದು ತಪ್ಪಾಯ್ತು ಅಮ್ಮಾರೇ, ಮಾಲಲ್ಲಿ ಏನೂ ಮೋಸ ಇಲ್ಲ” ಎಂದು ಅಪ್ಪಾಜಿ ಜಮಖಾನ ಎಳೆದು, ಕೊಡ, ತಪ್ಪಲೆ, ಹಂಡೆ, ಒಂದೊಂದನ್ನೂ ತಾವೇ ಹೊತ್ತು ತಂದು ಮಂಟಪದ ಪಕ್ಕದಲ್ಲಿ ಹೆಸರು ಕಾಣುವಂತೆ ಜೋಡಿಸಿದರು. ಮೇಲೆ ಕೂತಿದ್ದ ಮದುಮಗಳು ಆರತಿ ಬಿಟ್ಟು ಪಾತ್ರೆಗಳನ್ನೇ ನೋಡುತ್ತಿದ್ದಳು. ಅಜ್ಜಿ ನನ್ನನ್ನು ಬಲವಂತವಾಗಿ ಎಲೆಯ ಮುಂದೆ ಕೂರಿಸಿದಳು.

ಪಾಯಸ ಬಡಿಸುತ್ತಿದ್ದರು. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಬಂದು ತಪ್ಪಲೆ ಎತ್ತಿ ತೂಕ ನೋಡಿದರು. ಅವರ ಫೋನಿನ ಮಡಿಸುವ ಕವರಿನಲ್ಲಿ ಲ್ಯಾಬಿನದರಂಥದೇ ಪುಟ್ಟ ಅಯಸ್ಕಾಂತವಿತ್ತು. ಅದನ್ನು ಹುಡುಗಿಯ ಹೆಸರಿನ ಮೇಲೆ ಇಟ್ಟರು. ಕವರಿನ ಪಟ್ಟಿ ಮೆಲ್ಲಗೆ ಕಚ್ಚಿಕೊಂಡಿತು.

“ಏನ್ ಸಾವ್ಕಾರ್ರೇ, ಅಂಟ್ತಾ ಐತಲ್ಲ ಇದು?”

ದೊಡ್ಡ ಗಂಟಲು. ಪಂಕ್ತಿಯಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಮದುಮಗಳ ಮುಖ ಬಿಳಿಚಿಕೊಂಡಿತು. ಅಜ್ಜಿ ಕೈಯಲ್ಲಿದ್ದ ತಾಂಬೂಲದ ತಟ್ಟೆ ಹಿಡಿದೇ ನಿಂತಳು. ಅಪ್ಪಾಜಿ ಈಗ ಏನನ್ನುತ್ತಾರೋ, ಬಸ್ಸಿನಲ್ಲಿ ಕೇಳಿದ್ದೆಲ್ಲ ಈ ಜನರ ಮುಂದೆ ನೆನಪಿರುತ್ತದೋ ಇಲ್ಲವೋ.

ಅಪ್ಪಾಜಿ ತಲೆ ತಗ್ಗಿಸಲಿಲ್ಲ. “ಅಂಟ್ಕತದೆ ಸ್ವಾಮಿ. ಹೆಸ್ರು ಹೊಡೆದ ಜಾಗದಲ್ಲಿ ಅಂಟ್ಲೇಬೇಕು. ಮೈಮೇಲೆ ಹಿಡ್ದು ನೋಡಿ, ಅಂಟಲ್ಲ. ಮಾಲು ಚೊಕ್ಕ ಐತೆ.”

“ಅದೆಂಗ್ರೀ ಒಂದ್ ಕಡೆ ಅಂಟಿ ಇನ್ನೊಂದ್ ಕಡೆ ಅಂಟಲ್ಲ?”

“ನಾನು ಹೇಳಿದ್ರೆ ವ್ಯಾಪಾರದ ಮಾತಾಯ್ತದೆ” ಎಂದು ಅಪ್ಪಾಜಿ ಪಂಕ್ತಿಯ ಕಡೆ ತಿರುಗಿ ನನ್ನತ್ತ ಕೈ ತೋರಿಸಿದರು. “ಅಗೋ, ಅಲ್ಲಿ ಕೂತವ್ಳಲ್ಲ, ಅವಳು ನನ್ನ ಮಗಳು. ಅವಳನ್ನ ಕೇಳಿ. ಅವಳು ಹೇಳಿದ್ದೇ ಸರಿ.”

ನನ್ನ ಬಾಯಲ್ಲಿ ತುತ್ತಿತ್ತು. ಕಣ್ಣು ಮಂಜಾಗಿ ಎಲೆಯೇ ಕಾಣುತ್ತಿರಲಿಲ್ಲ.

“ಏಳವ್ವ” ಎಂದರು ಅಪ್ಪಾಜಿ. “ಊಟ ಆಮೇಲೆ ಮಾಡೀಯಂತೆ. ಇವ್ರಿಗೆ ಹೇಳು.”

ಪಂಕ್ತಿಯ ನಡುವೆ ಏಳಬಾರದು. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ.